ಹೊಗೆಯಷ್ಟೇ ಕಂಡ ಊರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಜುಲೈ ಕೊನೆಯ ವಾರ ಅಮೆರಿಕದ ಕಾನ್ಸಾಸ್ ರಾಜ್ಯದ ನಿಕೋಡೆಮಸ್‌ಗೆ ಹೋಗಿಬಂದೆವೆಂದು ಫೋನಿನಲ್ಲಿ ಹೇಳಿದಾಗ, ‘ನಾಲ್ಕು ಮನೆಯ ಆ ಊರಿನಲ್ಲಿ ನೋಡುವುದೇನಿದೆ ಅಪ್ಪಾ?’ ಎಂದು ನಕ್ಕುಬಿಟ್ಟೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಆ ಊರು ಹುಟ್ಟಿದ್ದು 1877ರಲ್ಲಿ. ಗುಲಾಮಗಿರಿ ಕಾನೂನಿನಿಂದ ಅಳಿದರೂ ಸ್ವಂತ ನೆಲದ ಆಸೆ ಈಡೇರದೆ ಕೆಂಟಕಿ ರಾಜ್ಯದಲ್ಲಿದ್ದ ಕಪ್ಪು ಜನರನ್ನು, ಪಶ್ಚಿಮದ ಹುಲ್ಲುಬಯಲಿನಲ್ಲಿ ನಿಮ್ಮದೇ ಊರು ಕಟ್ಟಿಕೊಳ್ಳಿ ಬನ್ನಿ ಎಂದು ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯೂ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಸ್ಥನೂ ಕರೆದರು. ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಕೊಡುವ 1862ರ ಕಾಯ್ದೆ ಇದ್ದೇ ಇತ್ತು. ಆ ನೆಲದ ಬಗ್ಗೆ ಹಿಲ್ ಆಡಿದ ಬಣ್ಣಬಣ್ಣದ ಮಾತುಗಳನ್ನು ನಾನಂತೂ ಕ್ಷಮಿಸಲಾರೆ.

1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ತನ್ನ ನೆನಪನ್ನು ಹೇಳಿಟ್ಟಿದ್ದಾಳೆ. ಎಲ್ಲಿಸ್ ಎಂಬ ಊರಿನಲ್ಲಿ ರೈಲಿಳಿದ ಆ ಗುಂಪಿನಲ್ಲಿ ದಡಾರ ಹರಡಿ ಮಕ್ಕಳು ತೀರಿಕೊಂಡರು. ಉಳಿದವರು ಎರಡು ದಿನ ಬಯಲಿನಲ್ಲಿ ಸಾಗಿದರು. ‘ಅದೋ ನಿಕೋಡೆಮಸ್’ ಎಂದು ಗಂಡಸರು ಕೂಗಿದಾಗ ಆಕೆ ಕಣ್ಣರಳಿಸಿ ನೋಡಿದರೂ ಊರೇ ಕಾಣಲಿಲ್ಲವಂತೆ. ಗಂಡ ಬೆರಳು ತೋರಿದೆಡೆ ಕಂಡದ್ದು ನೆಲದಿಂದೇಳುತ್ತಿದ್ದ ಹೊಗೆ ಮಾತ್ರ: ಮರವಿಲ್ಲದ ಆ ಸೀಮೆಯಲ್ಲಿ ಜನ ನೆಲ ಕೊರೆದು ಅದರೊಳಗೇ ಸಂಸಾರ ಹೂಡಿದ್ದರು. ಆಕೆ ಅತ್ತುಬಿಟ್ಟಳು. ಅತ್ತವಳು ಅಲ್ಲಿಯೇ ನೆಲೆ ನಿಂತಳು. ಮೊದಲ ಚಳಿಗಾಲದಲ್ಲಿ, ಬೇಟೆಯಿಂದ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ ಹಂಚಿಕೊಟ್ಟ ಮಾಂಸದಿಂದ ಎಷ್ಟೋ ಜೀವ ಉಳಿದವು. ನೇಗಿಲಿಗೆ ಕುದುರೆಗಳು ಸಾಲದೆ ಬೇರುಗಟ್ಟಿದ ಆ ನೆಲವನ್ನು ಗುದ್ದಲಿ ಸಲಿಕೆಗಳಿಂದ ಅಗೆದವರೂ ಇದ್ದರು.

ಹತ್ತೇ ವರ್ಷಗಳಲ್ಲಿ ಅಲ್ಲಿ ಶಾಲೆ, ಚರ್ಚುಗಳು, ಹೋಟೆಲು, ಬ್ಯಾಂಕು, ಎರಡು ಪತ್ರಿಕೆಗಳು, ಬೇಸ್‌ಬಾಲ್ ತಂಡ ಎಲ್ಲವೂ ಬಂದವು. ಅಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ಬರಬೇಕಾಗಿದ್ದುದು ರೈಲೊಂದೇ. ಅದಕ್ಕಾಗಿ ಸಾಲ ಎತ್ತಲು ಜನ 16,000 ಡಾಲರ್‌ಗಳ ಬಾಂಡಿಗೆ, ಎಂದರೆ ಸಾಲಪತ್ರಕ್ಕೆ, ಒಪ್ಪಿ ಮತ ಹಾಕಿದರು. ಆದರೂ 1888ರಲ್ಲಿ ಹಳಿ ಬಿದ್ದದ್ದು ಸಾಲೊಮನ್ ನದಿಯ ಆಚೆ. ಅಂಗಡಿಕಾರರು ಒಬ್ಬೊಬ್ಬರಾಗಿ ಹಳಿಯ ಪಕ್ಕದ ಬೋಗ್ ಎಂಬ ಊರಿಗೆ ಹೋದರು. ಮುಂದಿನ ಕಥೆ ಬರ, ಧೂಳು, ವಲಸೆಗಳದ್ದು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಆದರೆ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ವಿಮೋಚನೆಯ ಹಬ್ಬ ಮಾತ್ರ ನಿಲ್ಲಲಿಲ್ಲ. ಜುಲೈ ಕೊನೆಯ ವಾರಾಂತ್ಯದಲ್ಲಿ ದೂರದೂರದ ರಾಜ್ಯಗಳಿಂದ ಆ ಮನೆತನಗಳವರು ತವರಿಗೆ ಬರುವಂತೆ ಬರುತ್ತಾರೆ. ಸರ್ಕಾರ 1996ರಲ್ಲಿ ಆ ಊರನ್ನು ರಾಷ್ಟ್ರೀಯ ಐತಿಹಾಸಿಕ ತಾಣವನ್ನಾಗಿ ಘೋಷಿಸಿದ್ದು ಒಳ್ಳೆಯದೇ, ಆದರೆ ಊರನ್ನು ಊರಾಗಿ ಉಳಿಸಿದವರು ಇವರು.

1939ರಲ್ಲಿ ಸುಣ್ಣಕಲ್ಲಿನಿಂದ ಕಟ್ಟಿದ ಟೌನ್‌ಶಿಪ್ ಹಾಲಿನ ನೆರಳಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ, ಐಸ್‌ಕ್ರೀಂ ಹಿಡಿದು ಓಡುತ್ತಿದ್ದ ಹುಡುಗನ ತೋಳು ಹಿಡಿದು, ‘ನೀನು ಯಾರ ಮನೆಯವನು?’ ಎಂದು ಕೇಳಿದಳು. ನಮ್ಮ ಜಾತ್ರೆಗಳಲ್ಲಿ ನಿನ್ನನ್ನೂ ಹೀಗೆಯೇ ತಡೆದು ಕೇಳುತ್ತಿದ್ದರು. ಅವನು ಅಪ್ಪ, ತಾತ, ಮುತ್ತಾತನವರೆಗೆ ಹೇಳಿ ತಡವರಿಸಿದ. ಆಚೆಯ ಹೆಸರನ್ನು ಅಜ್ಜಿಯೇ ಹೇಳಿಕೊಟ್ಟು, ಅವನ ಮೊಣಕೈವರೆಗೆ ಕರಗಿ ಇಳಿದಿದ್ದ ಐಸ್‌ಕ್ರೀಮನ್ನು ತನ್ನ ಕರವಸ್ತ್ರದಿಂದ ಒರೆಸಿದಳು.

ಮುಂದಿನ ಜುಲೈಗೆ ರಜೆ ಕೇಳಿಟ್ಟುಕೋ. ಕಾರು ನೀನೇ ಓಡಿಸಬೇಕು, ನನ್ನ ಬೆನ್ನು ಇನ್ನೂ ನೋಯುತ್ತಿದೆ.

ಇಂತಿ,
ನಿನ್ನ ಅಪ್ಪ