ಸಹಿ ಹಾಕಲಾ ಬೇಡವಾ ಅಂತ ಕೇಳಿದ ಅಳಿಯನಿಗೆ

ಮಂಜು, ನಿನಗೆ ಮಾಮಾನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡ್ತೀನಿ. ಲೋಕಾಪುರದ ಕ್ವಾರಿಯಿಂದ ಬರೆದ ನಿನ್ನ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, 'ಟಿಪ್ಪರ್ ಸರಿ ಇದೆ ಅಂತ ದಿನಾ ಬೆಳಿಗ್ಗೆ ಸಹಿ ಹಾಕ್ತೀನಿ, ನಾಳೆ ಅದರ ಕೆಳಗೆ ಯಾರಾದ್ರೂ ಸಿಕ್ಕರೆ?' ಅಂತ. ಅದನ್ನು ಓದಿದಾಗಿನಿಂದ ನನಗೂ ಸರಿಯಾಗಿ ನಿದ್ದೆ ಇಲ್ಲ.

ಹೆದರಬೇಡ ಅಂತ ಹೇಳೋದಿಲ್ಲ. ಆದರೆ ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಇಷ್ಟು ವರ್ಷ ಸ್ಪ್ಯಾನರ್ ಹಿಡಿದವನು ಹೇಳ್ತೀನಿ, ಸಹಿ ಬರುವುದು ಎಲ್ಲಕ್ಕಿಂತ ಕೊನೆಗೆ. ಯಾವ ಗಾಡಿ ಕೊಳ್ಳಬೇಕು, ಎಂಥಾದ್ದು ಬಾಡಿಗೆಗೆ ಹಿಡಿಯಬೇಕು, ಡ್ರೈವರ್‌ಗೆ ತಿಂಗಳ ಸಂಬಳವೋ ಟ್ರಿಪ್ ಲೆಕ್ಕವೋ, ಇದೆಲ್ಲ ತೀರ್ಮಾನ ಆಗುವಾಗಲೇ ಅರ್ಧ ಅಪಾಯ ಕ್ವಾರಿಯೊಳಗೆ ಬಂದು ಕೂತಿರುತ್ತದೆ. ಟ್ರಿಪ್ ಲೆಕ್ಕದವನು ಬ್ರೇಕ್ ಸರಿ ಇಲ್ಲ ಅಂತ ಗಾಡಿ ನಿಲ್ಲಿಸಿದರೆ ಅವತ್ತಿನ ಗಳಿಕೆ ಹೋಯಿತು. ಅವನು ನಿನಗೆ ಯಾಕೆ ನಿಜ ಹೇಳ್ತಾನೆ?

ಹಿಟಾಚಿಯದೂ ಇದೇ ಕಥೆ. (ಕಲ್ಲು ತೋಡಿ ತುಂಬುವ ಮಷಿನ್ ಯಾವ ಕಂಪನಿಯದಾದರೂ ನಮ್ಮ ಕಡೆ ಅದು ಹಿಟಾಚಿನೇ ಬಿಡು.) 1961ರ ಗಣಿ ರೆಗ್ಯುಲೇಷನ್ಸ್‌ನ 106ನೇ ನಿಯಮ ನಿನಗೆ ಬಾಯಿಪಾಠ ಇರುತ್ತದೆ, ಗಟ್ಟಿ ಕಲ್ಲಿನಲ್ಲಿ ಬೆಂಚ್, ಅಂದರೆ ಮೆಟ್ಟಿಲಿನ ಹಾಗೆ ಕಡಿದ ಗೋಡೆ, 6 ಮೀಟರ್ ಎತ್ತರ ದಾಟಬಾರದು, ದಾಟಬೇಕಾದರೆ ಗಣಿ ಸುರಕ್ಷತೆಯವರ ಪರವಾನಗಿ ಬೇಕು. ಅದಿರಲಿ. ಬೆಂಚ್ ಎತ್ತರ ಇದ್ದು ಮಷಿನ್ ತೋಳು ಗಿಡ್ಡ ಆದರೆ ಬಕೆಟ್ ಮೇಲೆ ಮುಟ್ಟೋದಿಲ್ಲ, ಆಪರೇಟರ್ ಬುಡದಲ್ಲೇ ಕೆರೆದು ಕೆರೆದು ತುಂಬ್ತಾನೆ, ಮೇಲಿನ ಕಲ್ಲು ಅವನ ಕ್ಯಾಬಿನ್ ಮೇಲೆ ಜೋತು ನಿಲ್ಲುತ್ತದೆ. ಬಿದ್ದರೆ ಎಲ್ಲರೂ ಆಪರೇಟರ್ ಮೇಲೆ ಹಾಕ್ತಾರೆ. ಬಾಡಿಗೆ ಕಡಿಮೆ ಅಂತ ಸಣ್ಣ ಮಷಿನ್ ತಂದವರನ್ನು ಯಾರೂ ಕೇಳೋದಿಲ್ಲ.

ನನ್ನದೊಂದು ಸಂಕಟ ಇದೆ. 'ಇವ ಮುಟ್ಟಿದರೆ ಸತ್ತ ಗಾಡಿನೂ ಏಳ್ತದ' ಅಂತ ನಮ್ಮ ಸಾಹುಕಾರರು ಮಂದಿ ಮುಂದೆ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಬ್ರೇಕಿನ ಗಾಳಿ ಸೋರಿದರೆ ಟಿಪ್ಪರಿನ ಹಿಂದಿನ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಬ್ರೇಕ್ ಚೇಂಬರ್ ಹಿಂದಿನ ಬೋಲ್ಟ್ ತಿರುಗಿಸಿದರೆ ಆ ಬ್ರೇಕ್ ಬಿಡುತ್ತದೆ, ಗಾಡಿ ಓಡುತ್ತದೆ, ಆದರೆ ಆಮೇಲೆ ಗಾಳಿ ಹೋದರೂ ಅದು ಹಿಡಿಯೋದಿಲ್ಲ. ಕೆಟ್ಟ ಗಾಡಿಯನ್ನು ಗ್ಯಾರೇಜಿಗೆ ಎಳೆಯಲು ಇರುವ ಉಪಾಯ ಅದು. ನಮ್ಮಲ್ಲಿ ಅದೇ ಕಾಯಂ ರಿಪೇರಿ ಆಗಿತ್ತು. ಒಂದು ದಿನ ಲೋಡ್ ಗಾಡಿ ಏರಿನಲ್ಲಿ ಬಂದ್ ಬಿದ್ದು ಹಿಂದಕ್ಕೆ ಜಾರಿತು, ಗಾಲಿಗೆ ಕಲ್ಲು ಕೊಡಲು ಓಡಿದ ಕ್ಲೀನರ್ ಹುಡುಗನ ಕಾಲು ಹೋಯಿತು. ಆ ಏರು ಕಡಿದಾಗಿತ್ತು, 16 ಅಡಿ ಹೋದರೆ 1 ಅಡಿ ಏರು, 16ಕ್ಕೆ 1 ಅಂತ ನೀವೆಲ್ಲ ಓದ್ತೀರಲ್ಲ, ಅದರ ಹತ್ತಿರಕ್ಕೂ ಇರಲಿಲ್ಲ. ಆದರೂ ನನಗೆ ಚುಚ್ಚುವುದು ಬೇರೆ. ನಾನು ಅಷ್ಟು ಚಂದ ರಿಪೇರಿ ಮಾಡದಿದ್ದರೆ ಆ ಗಾಡಿ ಎಂದೋ ಗುಜರಿಗೆ ಹೋಗುತ್ತಿತ್ತು.

ನಿನ್ನ ಸಹಿಗೆ ಬರ್ತೀನಿ. ಕಣ್ಣಾರೆ ನೋಡದ ಗಾಡಿಗೆ ಹಾಕಬೇಡ, ಇಷ್ಟೇ ನನಗೆ ಗೊತ್ತಿರೋದು. ಬಗ್ಗಿ ಆ ಬೋಲ್ಟ್ ಹೊರಗೆ ಬಂದಿದೆಯಾ ನೋಡು, ಬಂದಿದ್ದರೆ ಬ್ರೇಕ್ ಬಿಡಿಸಿಟ್ಟಿದ್ದಾರೆ ಅಂತ ತಿಳಿ. ಗಾಳಿ ಪೂರಾ ತುಂಬಿದ ಮೇಲೆ ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಬಂದ್ ಮಾಡಿಸಿ, ಬ್ರೇಕ್ ಒತ್ತಿ ಹಿಡಿಯಲು ಹೇಳು. ಗೇಜಿನ ಮುಳ್ಳು ಸ್ವಲ್ಪ ಇಳಿದು ನಿಲ್ಲಬೇಕು, ಇಳೀತಾನೇ ಹೋದರೆ ಎಲ್ಲೋ ಸೋರುತ್ತಿದೆ. ಡಿಪ್ಲೊಮಾ ಓದಿದವನಿಗೆ ಮೆಕ್ಯಾನಿಕ್ ಪಾಠ ಹೇಳಿದ ಹಾಗಾಯಿತು, ಬೇಜಾರಾಗಬೇಡ. ಸರಿ ಇಲ್ಲದ್ದನ್ನು ಬಾಯಲ್ಲಿ ಹೇಳಬೇಡ, ರಿಜಿಸ್ಟರಿನಲ್ಲಿ ಬರೆ. ಹಳೇ ಟಿಪ್ಪರ್ ವರ್ಷಕ್ಕೆ ಎಷ್ಟು ದಿನ ನಿಂತಿತು, ರಿಪೇರಿಗೆ ಎಷ್ಟು ನುಂಗಿತು ಅಂತ ಲೆಕ್ಕ ಬರೆದು ಮ್ಯಾನೇಜರ್ ಮುಂದೆ ಇಡು. ಅಪಾಯ ಅಂದರೆ ಅವರ ಕಿವಿಗೆ ಬೀಳೋದಿಲ್ಲ, ನಷ್ಟ ಅಂದರೆ ತಿರುಗಿ ನೋಡ್ತಾರೆ.

ಇಷ್ಟು ಮಾಡಿದರೆ ಆ ಹೆದರಿಕೆ ಹೋಗ್ತದಾ? ಪೂರ್ತಿ ಹೋಗೋದಿಲ್ಲ. ನೌಕರಿ ಹೋದೀತು ಅನ್ನೋದೂ ಇದೆ, ಮನೆ ಸಾಲ ನಿನ್ನ ತಲೆ ಮೇಲಿದೆ, ದೂರ ಕೂತು ನಾನು ಹೇಳುವುದು ಸುಲಭ.

ಮುಂದಿನ ಸಲ ಟಿಪ್ಪರ್ ಬಾಡಿಗೆಗೆ ಹಿಡಿಯುವಾಗ ಮಾತ್ರ ನನಗೊಂದು ಫೋನ್ ಮಾಡು, ಲೋಕಾಪುರಕ್ಕೆ ಬಸ್ ಹತ್ತಿ ಬರ್ತೀನಿ. ನಿಮ್ಮ ಸಾಹೇಬರ ಹತ್ತಿರ ಒಂದು ಮಾತೂ ಆಡೋದಿಲ್ಲ. ಗಾಡಿ ಕೆಳಗೆ ಒಮ್ಮೆ ಮಲಗಿ ನೋಡಿ ಎದ್ದು ಬರ್ತೀನಿ, ಅಷ್ಟೇ.

ನಿನ್ನ ಮಾಮಾ