ಕನ್ನಡ ಪ್ರಬಂಧಕ್ಕೆ ಇಂಗ್ಲಿಷ್ ಸಾಕ್ಷಿ!

ಮಾನ್ಯರೇ,

ದುಡ್ಡು ಕೊಟ್ಟರೆ ಎರಡೇ ದಿನದಲ್ಲಿ ಸಂಶೋಧನಾ ಪ್ರಬಂಧ ಅಚ್ಚು ಹಾಕುವ ಜರ್ನಲ್‌ಗಳ ಬಗ್ಗೆ ಸೋಮವಾರದ ವರದಿ ಓದಿದೆ. ಸರಿಯಾಗೇ ಬರೆದಿದ್ದೀರಿ. ದುಡ್ಡು ಕೊಡದವರ ಪಾಡು ಏನು ಅಂತ ನನಗೆ ನಿನ್ನೆ ಗೊತ್ತಾಯಿತು.

ನಾನು ಇಲ್ಲಿ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು. ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಫೋರ್ಟ್‌ನಲ್ಲಿ ಅಕ್ಷರ ಕಲಿತ ನಮ್ಮೂರ ಹುಡುಗರ ಬಗ್ಗೆ, 2021ರಲ್ಲಿ ಒಂದು ಪ್ರಬಂಧ ಬರೆದೆ. ಒಂದು ಸಂಶೋಧನಾ ಪತ್ರಿಕೆಯವರು ಅದನ್ನು ಇಬ್ಬರು ತಜ್ಞರಿಗೆ ಓದಲು ಕೊಟ್ಟು, ನನ್ನಿಂದ ಎರಡು ಸಲ ತಿದ್ದಿಸಿ, ಏಳು ತಿಂಗಳ ಮೇಲೆ ಅಚ್ಚು ಮಾಡಿದರು. ಒಂದು ಪೈಸೆ ಕೇಳಲಿಲ್ಲ. ಪತ್ರಿಕೆ ಆಗ ಯುಜಿಸಿ ಕೇರ್ ಪಟ್ಟಿಯಲ್ಲಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿತ್ತು.

ಈಗ ಬಡ್ತಿಗೆ ಫೈಲು ಕೊಟ್ಟರೆ, ಕಚೇರಿಯವರು ‘ಪಟ್ಟಿಯಲ್ಲಿ ಇತ್ತು ಅನ್ನೋದಕ್ಕೆ ಇವತ್ತಿನ ಪ್ರಿಂಟ್‌ಔಟ್ ತನ್ನಿ’ ಅಂತಾರೆ. ಆ ಪಟ್ಟಿಯನ್ನು ಯುಜಿಸಿಯೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ, ಸ್ವಾಮಿ. ಸತ್ತವನಿಂದಲೇ ಮರಣಪತ್ರಕ್ಕೆ ಸಹಿ ತಾ ಅಂದ ಹಾಗಾಯಿತು.

ಇದಕ್ಕಾಗಿ ಡೊಂಬಿವಲಿಯಿಂದ ಮೂರು ಸಲ ರಜೆ ಹಾಕಿ ಹೋದೆ. ಮೊದಲ ಸಲ ಸಾಹೇಬರು ಊಟಕ್ಕೆ. ಎರಡನೇ ಸಲ ಗಣಪತಿಗೆ ಊರಿಗೆ. ನಿನ್ನೆ ಮಳೆಗೆ ಗಾಡಿ ಕುರ್ಲಾದಲ್ಲೇ ನಿಂತು, ಸೀರೆಯೆಲ್ಲಾ ಒದ್ದೆಯಾಗಿ ತಲುಪಿದರೆ, ಸಾಹೇಬರು ಪತ್ರಿಕೆ ತಿರುಗಿಸಿ ನೋಡಿ ‘ಇದು ತೆಲುಗಾ?’ ಎಂದರು. ಇಡೀ ಪ್ರಬಂಧದ ಇಂಗ್ಲಿಷ್ ಅನುವಾದ ಬೇಕಂತೆ!

ನನ್ನ ಪಕ್ಕದವರ ಫೈಲು ಮಾತ್ರ ಬೆಣ್ಣೆಯ ಹಾಗೆ ಜಾರಿತು. ಅವರ ಜರ್ನಲ್ ಹೆಸರಲ್ಲೇ ‘ಇಂಟರ್‌ನ್ಯಾಶನಲ್’ ಇತ್ತಲ್ವಾ! ಐಎಸ್‌ಎಸ್‌ಎನ್ ನಂಬರೂ ಇತ್ತು. ಅದು ಬರೀ ಎಂಟು ಅಂಕಿಯ ಗುರುತು, ಗುಣಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ ಅಂತ ಯಾರು ಹೇಳಬೇಕು? ಯುಜಿಸಿ 2018ರಲ್ಲಿ ತನ್ನ ಆಗಿನ ಪಟ್ಟಿಯಿಂದಲೇ 4,305 ಜರ್ನಲ್‌ಗಳನ್ನು ಕಿತ್ತು ಹಾಕಿದ್ದು ಇವರಿಗೆ ನೆನಪಿದೆಯೋ ಇಲ್ಲವೋ. ದೇಶಕ್ಕೆಲ್ಲ ಜರ್ನಲ್ ಓದಿಸಲು ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿತು. ಕನ್ನಡ ಓದಬಲ್ಲ ಒಬ್ಬರನ್ನು ಸಮಿತಿಗೆ ಕರೆಸಲು ಗಾಡಿ ಖರ್ಚಿಗೆ ಗತಿಯಿಲ್ಲ.

ಇದೇ ಕಚೇರಿ ಹಿಂದೆ ನನ್ನ ಸೇವಾ ಪುಸ್ತಕವನ್ನೇ ಕಳೆದು, ‘ನಿಮ್ಮ ಹತ್ರ ಝೆರಾಕ್ಸ್ ಇಲ್ವಾ?’ ಅಂತ ನನ್ನನ್ನೇ ಗದರಿಸಿತ್ತು. ಅರಿಯರ್ಸ್ ಕತೆ ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿನ ಲಿಫ್ಟ್ ಅಂತೂ ನಾನು ಕೆಲಸಕ್ಕೆ ಸೇರಿದಾಗಿನಿಂದ ‘ರಿಪೇರಿ’ಯಲ್ಲಿದೆ.

ಹಳೇ ಪಟ್ಟಿಯನ್ನಾದರೂ ಎಲ್ಲರಿಗೂ ಕಾಣುವ ಹಾಗೆ ಇಡಲಿ, ಇಲ್ಲವೇ ಪಟ್ಟಿಯ ಮಾತೇ ಬಿಟ್ಟು ಪ್ರಬಂಧ ಓದಿ ನೋಡಲಿ. ಎರಡೂ ಆಗದಿದ್ದರೆ ಆ ಕುರ್ಚಿಯಲ್ಲಿ ಸುಮ್ನೆ ಯಾಕೆ ಕೂತಿದ್ದಾರೆ?

– ನೊಂದ ಅಧ್ಯಾಪಕಿ, ಡೊಂಬಿವಲಿ ಪೂರ್ವ