ದೋಣಿಯ ತೊಟ್ಟಿಲಿನ ಲೆಕ್ಕ

ಕೇಪ್ ಕೋರಲ್, ಫ್ಲಾರಿಡಾ
16 ಫೆಬ್ರವರಿ 2025

ತೀರ್ಥರೂಪು ಅಪ್ಪಾಜಿಯವರ ಪಾದಗಳಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು, ನಿಮ್ಮ ಸೊಸೆ ಮತ್ತು ಮಗು ಕ್ಷೇಮವಾಗಿದ್ದೇವೆ. ನಿಮ್ಮ, ಅವ್ವನ ಮತ್ತು ತಮ್ಮನ ಮನೆಯವರ ಕ್ಷೇಮಕ್ಕೆ ಬರೆಯಿರಿ.

ಕಳೆದ ಭಾನುವಾರ ಫೋನಿನಲ್ಲಿ ನೀವು ದೋಣಿ ಎತ್ತುವ ಯಂತ್ರದ ಬಗ್ಗೆ ಒಂದಾದ ಮೇಲೊಂದು ಪ್ರಶ್ನೆ ಕೇಳಿದಿರಿ. ನಾನು ಹೇಳಿದ್ದು ನಿಮಗೆ ಸರಿಯಾಗಿ ಕೇಳಿಸದೆ, ಕೊನೆಗೆ "ಲೆಕ್ಕ ಬರೆದು ಕಳಿಸು, ಬಾಯಿಮಾತು ಬೇಡ" ಎಂದು ಫೋನನ್ನು ಅವ್ವನ ಕೈಗೆ ಕೊಟ್ಟುಬಿಟ್ಟಿರಿ. ಮುವ್ವತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ, ಕಬ್ಬು ಇಳಿಸುವ ಕ್ರೇನಿನ ಹಗ್ಗವನ್ನೂ ಗೇರನ್ನೂ ನೋಡಿಕೊಂಡವರಿಗೆ ಬಾಯಿಮಾತು ಸಾಲದು ಎಂಬುದು ನನಗೂ ಗೊತ್ತು. ಆದ್ದರಿಂದ ಎಲ್ಲವನ್ನೂ ಬರೆಯುತ್ತಿದ್ದೇನೆ. ಊರಿಗೆ ಹೊರಟಿರುವ ಮೈಸೂರಿನ ಗೆಳೆಯರೊಬ್ಬರ ಕೈಯಲ್ಲಿ ಈ ಪತ್ರ ನಿಮ್ಮನ್ನು ತಲುಪುತ್ತದೆ.

ದೋಣಿ ಇರುವುದೇ ನೀರಿನಲ್ಲಿ ತೇಲುವುದಕ್ಕೆ, ಅದನ್ನು ನೀರಿನಿಂದ ಎತ್ತಿ ಗಾಳಿಯಲ್ಲಿ ತೂಗಿ ನಿಲ್ಲಿಸಲು ಇಷ್ಟು ಹಣ ಏಕೆ ಸುರಿದೆ ಎಂದು ನೀವು ಮೊದಲು ಕೇಳಿದಿರಿ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲಿನವರು ಸಂಜೆಯಾದೊಡನೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುವುದನ್ನು ನೀವೇ ನನಗೆ ತೋರಿಸಿದ್ದಿರಿ. ರಾತ್ರಿಯೆಲ್ಲ ನೀರಿನಲ್ಲಿ ನೆನೆದರೆ ಬಿದಿರು ಕೊಳೆಯುತ್ತದೆ ಎಂದು ಅಂದು ಹೇಳಿದ್ದಿರಿ. ಇಲ್ಲಿಯ ಕಾರಣವೂ ಅದೇ ಜಾತಿಯದು, ಆದರೆ ನೀರು ಉಪ್ಪು. ನಮ್ಮ ಹಿತ್ತಲಿನ ಕಾಲುವೆಯು ಕಲೂಸಹ್ಯಾಚಿ ನದಿಯ ಮೂಲಕ ಮೆಕ್ಸಿಕೋ ಕೊಲ್ಲಿಗೆ ಸೇರುತ್ತದೆ. ಅಂಥ ನೀರಿನಲ್ಲಿ ದೋಣಿ ಕೆಲವು ವಾರ ನಿಂತರೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ತಳದ ತುಂಬ ಅಂಟಿಕೊಂಡು ಸುಣ್ಣದ ಕಲ್ಲಿನಂತೆ ಗಟ್ಟಿಯಾಗುತ್ತವೆ. ಅವನ್ನು ತಡೆಯಲು ತಾಮ್ರ ಬೆರೆತ ಬಣ್ಣವನ್ನು ಮತ್ತೆ ಮತ್ತೆ ಬಳಿಸಬೇಕು. ಬಳಿಸಿದರೂ ನೀರು ಫೈಬರ್‌ಗ್ಲಾಸಿನ ಮೈಯೊಳಗೆ ಇಳಿದು ಬೊಬ್ಬೆಗಳೇಳಬಹುದು, ಎಂಜಿನಿನ ಲೋಹವೂ ಸವೆಯುತ್ತದೆ. ಎತ್ತಿಟ್ಟ ದೋಣಿಗೆ ಇವು ಯಾವುವೂ ಇಲ್ಲ. ಹರಿಗೋಲಾದರೆ ಒಬ್ಬನೇ ತಲೆಯ ಮೇಲೆ ಹೊತ್ತುಕೊಂಡು ಹೋಗಬಹುದು, ನಮ್ಮದನ್ನು ಹೊರಲಾಗದು ಎಂಬುದಷ್ಟೇ ವ್ಯತ್ಯಾಸ.

ಎಷ್ಟು ತೂಕವೆಂದು ನೀವು ಕೇಳಿದಾಗ ನಾನು "ಒಂದೂವರೆ ಟನ್" ಎಂದೆ. ಅದು ತಪ್ಪು ಉತ್ತರ. ಮಾರುವವರ ಕಾಗದದಲ್ಲಿ ಬರೆದಿರುವುದು ಬರಿಯ ಒಡಲಿನ ತೂಕ, 1,450 ಕೆ.ಜಿ. ಅದಕ್ಕೆ ಹಿಂಭಾಗದಲ್ಲಿ ತೂಗುವ ಎಂಜಿನ್ 225 ಕೆ.ಜಿ. ಟ್ಯಾಂಕು 300 ಲೀಟರಿನದು. ಪೆಟ್ರೋಲು ನೀರಿಗಿಂತ ಹಗುರವಾದ್ದರಿಂದ ಅದನ್ನು 222 ಕೆ.ಜಿ. ಎಂದು ಹಿಡಿದೆ. ಬ್ಯಾಟರಿ ಎರಡಕ್ಕೆ 55, ಕುಡಿಯುವ ನೀರಿಗೆ 40, ಲಂಗರು, ಸರಪಳಿ, ಜೀವರಕ್ಷಕ ಜಾಕೆಟ್ಟು, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲ ಸೇರಿ 120. ಒಟ್ಟು 2,112 ಕೆ.ಜಿ. ಆಯಿತು. ಇದರ ಮೇಲೆ ಕಾಲು ಭಾಗ ಹೆಚ್ಚಿಗೆ ಸೇರಿಸಿ 2,640 ಎಂದು ಬರೆದುಕೊಂಡೆ. ಇಲ್ಲಿ ಲಿಫ್ಟುಗಳನ್ನು ಪೌಂಡಿನ ಲೆಕ್ಕದಲ್ಲಿ ಮಾರುತ್ತಾರೆ. 7,000 ಪೌಂಡಿನದು ಎಂದರೆ 3,175 ಕೆ.ಜಿ., ಅದೇ ಸಾಕಾಗಿತ್ತು. ಆದರೂ ನಾನು 10,000 ಪೌಂಡಿನದನ್ನು ಆರಿಸಿದೆ. ಕಂಬ ಹೂಳುವ ಖರ್ಚು ಎರಡಕ್ಕೂ ಒಂದೇ, ಯಂತ್ರದ ಬೆಲೆಯ ವ್ಯತ್ಯಾಸ ಅದರ ಮುಂದೆ ಸಣ್ಣದು; ಮುಂದೆ ದೋಣಿ ಬದಲಾದರೆ ಕಂಬಗಳನ್ನು ಕೀಳುವಂತಿಲ್ಲ. ಇದನ್ನು ದುಂದು ಎಂದು ನೀವು ಬೈದರೆ ಬೈಸಿಕೊಳ್ಳುತ್ತೇನೆ.

ಆ ಕಾಲು ಭಾಗ ಏಕೆ ಎಂಬುದಕ್ಕೆ ನನ್ನ ಭಯವೆಲ್ಲ ಮಳೆಯದು. ಇಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗುಮಳೆ ದಿನಬಿಟ್ಟು ದಿನ ಬರುತ್ತದೆ. ದೋಣಿಯ ಬಾಯಿ ಸುಮಾರು ಹದಿನೇಳೂವರೆ ಚದರ ಮೀಟರ್; ಒಂದು ಇಂಚು ಮಳೆ ಹೊರಗೆ ಹೋಗದೆ ಒಳಗೇ ನಿಂತರೆ 440 ಕೆ.ಜಿ. ಭಾರ ಸೇರುತ್ತದೆ. ಅದಕ್ಕಾಗಿ ಎತ್ತಿಟ್ಟ ಕೂಡಲೇ ತಳದ ಬಿರಡೆಯನ್ನು ತೆಗೆದಿಡಬೇಕು ಮತ್ತು ನೀರು ಹಿಂದಕ್ಕೆ ಹರಿಯುವಂತೆ ಮೂತಿಯನ್ನು ಸ್ವಲ್ಪ ಮೇಲೆತ್ತಿ ನಿಲ್ಲಿಸಬೇಕು.

ಈಗ ಬಗೆಗಳ ವಿಷಯ. ಗಾಳಿ ತುಂಬಿದ ತೊಟ್ಟಿಗಳ ಮೇಲೆ ದೋಣಿಯನ್ನು ಎತ್ತುವ ತೇಲುವ ಲಿಫ್ಟುಗಳಿವೆ, ಆದರೆ ಆ ತೊಟ್ಟಿಗಳಿಗೇ ಬಾರ್ನಕಲ್ ಹತ್ತುತ್ತದೆ. ಸರೋವರಗಳಲ್ಲಿ ನೀರಿನ ತಳದ ಮೇಲೆ ಕಾಲೂರಿ ನಿಲ್ಲುವಂಥವನ್ನು ಬಳಸುತ್ತಾರೆ, ಅವು ಇಲ್ಲಿಗೆ ಹೊಂದುವುದಿಲ್ಲ. ಕಾಲುವೆಯ ಕಾಂಕ್ರೀಟ್ ತಡೆಗೋಡೆಗೇ ಹಳಿಗಳನ್ನು ಬಿಗಿದು ಒಂದೇ ಕಡೆಯಿಂದ ಎತ್ತುವ ಬಗೆ ನೋಡಲು ಅಚ್ಚುಕಟ್ಟಾಗಿದ್ದು ಜಾಗವನ್ನೂ ಉಳಿಸುತ್ತದೆ. ನಿಮ್ಮ ಸೊಸೆಗೆ ಅದೇ ಮೆಚ್ಚುಗೆಯಾಗಿತ್ತು. ನಾನು ಒಪ್ಪಲಿಲ್ಲ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಬಂದಾಗ ಈ ಊರಿನಲ್ಲಿ ಎಷ್ಟೋ ತಡೆಗೋಡೆಗಳು ಹಿಂದಿನ ಮಣ್ಣು ಕೊಚ್ಚಿಹೋಗಿ ಕಾಲುವೆಯೊಳಕ್ಕೆ ವಾಲಿದವು. ನಮ್ಮ ಗೋಡೆ ನಿಂತಿದೆ ನಿಜ, ಆದರೆ ಅದು ಮಣ್ಣು ತಡೆಯಲು ಕಟ್ಟಿದ ಗೋಡೆಯೇ ಹೊರತು ಎರಡು ಟನ್ ತೂಗಲು ಕಟ್ಟಿದ್ದಲ್ಲ. ಹೀಗಾಗಿ ನಾಲ್ಕು ಕಂಬ ಹೂಳಿ, ಅವುಗಳ ನಡುವೆ ತೂಗುವ ಬಗೆಯನ್ನೇ ಆರಿಸಿದೆವು. ಕಂಬಗಳ ನಡುವೆ ಹಗ್ಗಗಳಲ್ಲಿ ತೂಗುವ ಚೌಕಟ್ಟಿಗೆ ಇಲ್ಲಿಯವರೂ ತೊಟ್ಟಿಲು ಎಂದೇ ಹೇಳುತ್ತಾರೆ.

ಗುತ್ತಿಗೆದಾರರು ಮೊದಲು ಬರೆದುಕೊಟ್ಟ ನಕ್ಷೆಯಲ್ಲಿ ತೊಟ್ಟಿಲು ಗೋಡೆಗೆ ಒಂದೇ ಅಡಿ ದೂರದಲ್ಲಿತ್ತು. ನೀವು ಬೆಳಗ್ಗೆ ಪತ್ರಿಕೆ ಬಿಡಿಸಿದೊಡನೆ ಕೆ.ಆರ್.ಎಸ್. ನೀರಿನ ಮಟ್ಟ 124.80 ಅಡಿಗೆ ಎಷ್ಟು ಕಡಿಮೆಯಿದೆ ಎಂದು ನೋಡುವಂತೆ ನಾನು ಇಲ್ಲಿ ಉಬ್ಬರ ಇಳಿತದ ಪಟ್ಟಿ ನೋಡುತ್ತೇನೆ. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಉಂಟು, ಕಟ್ಟಿದರೆ ಇಲ್ಲ. ಈ ಕಾಲುವೆಯ ನೀರು ದಿನವೂ ಎರಡು ಮೂರು ಅಡಿಯೊಳಗೆ ಏರಿ ಇಳಿಯುತ್ತದೆ. ಪಟ್ಟಿಯಲ್ಲಿ ಕಾಣದ ಇನ್ನೊಂದು ಸಂಗತಿಯಿದೆ. ಚಳಿಗಾಲದಲ್ಲಿ ಬಡಗಣ ಗಾಳಿ ಜೋರಾಗಿ ಬೀಸಿದರೆ ನೀರನ್ನು ಕಡಲಿನ ಕಡೆಗೆ ತಳ್ಳಿ ಕಾಲುವೆಯನ್ನು ಅರ್ಧ ಬರಿದು ಮಾಡುತ್ತದೆ. ನಾನು ಒಂದು ಗಳಕ್ಕೆ ಬಣ್ಣದಲ್ಲಿ ಗೆರೆ ಎಳೆದು, ಡಿಸೆಂಬರ್ ತಿಂಗಳಿಡೀ ನೀರು ತೀರಾ ಇಳಿದ ಹೊತ್ತಿನಲ್ಲಿ ಆಳ ಅಳೆಯುತ್ತಿದ್ದೆ. ನಿಮ್ಮ ಸೊಸೆ ದಡದಲ್ಲಿ ನಿಂತು ಬರೆದುಕೊಳ್ಳುತ್ತಿದ್ದಳು. ಗೋಡೆಯ ಪಕ್ಕದಲ್ಲಿ ಕಲ್ಲುಮಣ್ಣು ಇಳಿಜಾರಾಗಿ ಬಿದ್ದಿರುವುದರಿಂದ ಅಲ್ಲಿ 75 ಸೆಂಟಿಮೀಟರಿಗಿಂತ ಹೆಚ್ಚು ನೀರಿರಲಿಲ್ಲ. ದೋಣಿ ಮುಳುಗುವ ಭಾಗ 45 ಸೆಂಟಿಮೀಟರ್, ಅದರಡಿಯ ತೊಲೆ ಹಲಗೆಗಳಿಗೆ ಇನ್ನೊಂದು 45. ಅಂದರೆ ತೊಟ್ಟಿಲು ನೆಲಕ್ಕೆ ತಾಗಿದರೂ ದೋಣಿ ತೇಲದೆ ಅದರ ಮೇಲೆಯೇ ಕುಳಿತಿರುತ್ತಿತ್ತು. ಐದು ಅಡಿ ಮುಂದಕ್ಕೆ ಸರಿದರೆ ಆಳ ಸಾಕಷ್ಟಿತ್ತು. ಆದರೆ ಎಷ್ಟು ಬೇಕಾದರೂ ಮುಂದೆ ಸರಿಯುವಂತಿಲ್ಲ, ಕಾಲುವೆಯ ಅಗಲದ ಕಾಲು ಭಾಗವನ್ನು ಮೀರಬಾರದೆಂಬ ನಿಯಮವಿದೆ. ನಮ್ಮದು 80 ಅಡಿ ಅಗಲ, ಆದ್ದರಿಂದ 20 ಅಡಿ ಮಿತಿ. ಹೊರಗಿನ ಕಂಬ 18 ಅಡಿಗೆ ನಿಂತಿತು. ನಾನು ಗಳ ಹಿಡಿದು ನಿಂತ ಆ ತಿಂಗಳು ನನ್ನನ್ನು ನೋಡಿ ನಗುತ್ತಿದ್ದ ಗುತ್ತಿಗೆದಾರರು ಆಮೇಲೆ ಮಾತಿಲ್ಲದೆ ನಕ್ಷೆ ತಿದ್ದಿದರು.

ಕಂಬಗಳು ಪೈನ್ ಮರದವು. ಉಪ್ಪುನೀರಿನಲ್ಲಿ ಮರವನ್ನು ಒಳಗಿನಿಂದ ಕೊರೆದು ಜಾಳು ಮಾಡುವ, ಹುಳುವಿನಂತೆ ಕಾಣುವ ಒಂದು ಚಿಪ್ಪುಜೀವಿಯಿದೆ. ನಮ್ಮ ಕಡೆಯ ಗೆದ್ದಲಿಗೆ ಅದು ಅಣ್ಣ. ಅದಕ್ಕಾಗಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಬೆರೆತ ದ್ರಾವಣವನ್ನು ಒತ್ತಡದಿಂದ ಮರದೊಳಕ್ಕೆ ಇಳಿಸಿರುತ್ತಾರೆ, ನೀರಿನಲ್ಲಿರುವ ಭಾಗಕ್ಕೆ ದಪ್ಪ ಪ್ಲಾಸ್ಟಿಕ್ ಸುತ್ತುತ್ತಾರೆ. ಹೂಳುವ ರೀತಿಯನ್ನು ನೀವು ನೋಡಬೇಕಿತ್ತು. ಕ್ರೇನ್ ಇರುವ ದೋಣಿಯೊಂದು ಬಂದು ಕಂಬವನ್ನು ನೆಟ್ಟಗೆ ಹಿಡಿದುಕೊಂಡಿತು. ಪಂಪಿನಿಂದ ಒಂದು ಪೈಪಿನ ಮೂಲಕ ಕಂಬದ ಬುಡಕ್ಕೆ ರಭಸವಾಗಿ ನೀರು ಹೊಡೆದರು. ಬುಡದ ಮರಳು ಸಡಿಲವಾಗುತ್ತಿದ್ದಂತೆ ಕಂಬ ತನ್ನ ಭಾರಕ್ಕೇ ಇಳಿಯಿತು. ನೀರು ನಿಲ್ಲಿಸಿದೊಡನೆ ಮರಳು ಮತ್ತೆ ಬಿಗಿದುಕೊಂಡಿತು. ಕೊನೆಯ ಕೆಲವು ಅಡಿಗಳಿಗೆ ಮಾತ್ರ ಹೊಡೆತ ಕೊಟ್ಟರು.

ಎರಡನೆಯ ದಿನ ಕೆಲಸ ಅರ್ಧಕ್ಕೆ ನಿಂತಿತು, ಇದನ್ನು ಅವ್ವನಿಗೆ ಓದಿ ಹೇಳಿ. ಮ್ಯಾನಟಿ ಎಂಬ ಪ್ರಾಣಿಯೊಂದು ಕಾಲುವೆಯೊಳಗೆ ಬಂತು. ಇಲ್ಲಿಯವರು ಅದನ್ನು ಕಡಲ ಹಸು ಎನ್ನುತ್ತಾರೆ. ಎಮ್ಮೆಗಿಂತ ದಪ್ಪಗಿದ್ದು, ಯಾರ ತಂಟೆಗೂ ಹೋಗದೆ ಹುಲ್ಲು ಪಾಚಿ ಮೇಯುತ್ತದೆ. ಅದು 50 ಅಡಿಯೊಳಗೆ ಬಂದರೆ ನೀರಿನಲ್ಲಿ ನಡೆಯುವ ಕೆಲಸವನ್ನೆಲ್ಲ ನಿಲ್ಲಿಸಲೇಬೇಕೆಂಬುದು ಅನುಮತಿ ಪತ್ರದ ಷರತ್ತು. ಅದು ನಮ್ಮ ಗೋಡೆಯ ಪಾಚಿಯನ್ನು ನಿಧಾನವಾಗಿ ಮೇಯ್ದು ಹೋಗುವವರೆಗೆ ನಾಲ್ಕು ಜನ ಕೂಲಿಯವರು ಕೈಕಟ್ಟಿ ಕುಳಿತಿದ್ದರು. ಮಗು ಅದಕ್ಕೆ ಗೌರಿ ಎಂದು ಹೆಸರಿಟ್ಟಿದೆ.

ಇನ್ನು ನೀವು ಕಾಯುತ್ತಿರುವ ಭಾಗಕ್ಕೆ ಬರುತ್ತೇನೆ. ಎರಡು ಬದಿಯ ಕಂಬಗಳ ನೆತ್ತಿಯ ಮೇಲೆ ಅಲ್ಯೂಮಿನಿಯಮ್ ತೊಲೆಗಳಿವೆ. ಪ್ರತಿ ತೊಲೆಯ ಉದ್ದಕ್ಕೂ ಒಂದು ತಿರುಗುವ ಪೈಪು, ಅದಕ್ಕೆ ಮುಕ್ಕಾಲು ಎಚ್.ಪಿ.ಯ ಒಂದು ಮೋಟಾರು, ನಡುವೆ ತಿರುಪಿನಂಥ ದಂಡದಿಂದ ಹಲ್ಲುಚಕ್ರವನ್ನು ತಿರುಗಿಸುವ ವರ್ಮ್ ಗೇರ್; ಕರೆಂಟು ಹೋದರೂ ದೋಣಿಯ ಭಾರಕ್ಕೆ ಗೇರು ಹಿಂದಕ್ಕೆ ತಿರುಗುವುದಿಲ್ಲ. ಇಷ್ಟು ಸಣ್ಣ ಮೋಟಾರು ಸಾಕೇ ಎಂದರೆ, ವೇಗ ಕಡಿಮೆ: ಒಂದು ಅಡಿ ಏರಲು ಸುಮಾರು ಅರ್ಧ ನಿಮಿಷ ಬೇಕು. ನಾಲ್ಕು ಮೂಲೆಗಳಲ್ಲಿಯೂ ಹಗ್ಗವು ಪೈಪಿನಿಂದ ಇಳಿದು ತೊಟ್ಟಿಲಿನ ರಾಟೆಯನ್ನು ಬಳಸಿ ಮತ್ತೆ ಮೇಲಿನ ತೊಲೆಗೆ ಬಿಗಿದುಕೊಳ್ಳುತ್ತದೆ, ಅಂದರೆ ಒಟ್ಟು ಎಂಟು ಎಳೆಗಳಲ್ಲಿ ಭಾರ ಹಂಚಿಹೋಗುತ್ತದೆ. ಸರಾಸರಿ 264 ಕೆ.ಜಿ., ಆದರೆ ಎಂಜಿನ್ ಹಿಂದೆ ಇರುವುದರಿಂದ ಹಿಂದಿನ ನಾಲ್ಕು ಎಳೆಗಳಿಗೆ ಹೆಚ್ಚು, ಮುಂದಿನವಕ್ಕೆ ಕಡಿಮೆ. ಹಗ್ಗ 8 ಮಿಲಿಮೀಟರಿನದು, ಹತ್ತೊಂಬತ್ತು ತಂತಿಯ ಏಳು ಹುರಿ. ತುಂಡಾಗಲು ಮೂರು ಟನ್ನಿಗೂ ಹೆಚ್ಚು ಬೇಕು. ಗ್ಯಾಲ್ವನೈಸ್ ಮಾಡಿದ ಹಗ್ಗ ಅಗ್ಗವೆಂದು ನೀವು ಹೇಳಿದ್ದು ನಿಜ, ಆದರೆ ಉಪ್ಪುನೀರಿನಲ್ಲಿ ಅದರ ಸತುವು ಬೇಗ ತಿಂದುಹೋಗುತ್ತದೆಂದು ಸ್ಟೇನ್‌ಲೆಸ್ ಹಾಕಿಸಿದೆ. ಅಲ್ಯೂಮಿನಿಯಮ್ ತೊಲೆಗೆ ಸ್ಟೇನ್‌ಲೆಸ್ ಬೋಲ್ಟು ನೇರವಾಗಿ ತಾಗಿದರೆ ಉಪ್ಪು ತೇವದಲ್ಲಿ ಬ್ಯಾಟರಿಯಂತಾಗಿ ಅಲ್ಯೂಮಿನಿಯಮ್ ಸವೆಯುವುದರಿಂದ, ನಡುವೆ ನೈಲಾನ್ ವಾಷರುಗಳಿವೆಯೇ ಎಂದು ಒಂದೊಂದನ್ನೂ ನಾನೇ ನೋಡಿದೆ.

ದೋಣಿ ಕೂರುವುದು ಎರಡು ಉದ್ದನೆಯ ಹಲಗೆಗಳ ಮೇಲೆ. ಅವು ಒಡಲಿನೊಳಗೆ ಉದ್ದಕ್ಕೆ ಹಾಯುವ ಒಳತೊಲೆಗಳ ನೇರ ಕೆಳಗೇ ಬರಬೇಕು, ಇಲ್ಲವಾದರೆ ಭಾರವೆಲ್ಲ ತೆಳುವಾದ ಮೈಯ ಮೇಲೆ ಬಿದ್ದು ತಳ ತಗ್ಗುತ್ತದೆ. ಕೆಲಸಗಾರರು ಎರಡೂ ಬದಿಗೆ ಸಮ ಅಳತೆ ಮಾಡಿ ಬಿಗಿದುಬಿಟ್ಟಿದ್ದರು. ನೋಡಲು ಚೆಂದವಿತ್ತು, ಒಳತೊಲೆಗೆ ನಾಲ್ಕು ಇಂಚು ತಪ್ಪಿತ್ತು. ಬಿಚ್ಚಿಸಿ ಮತ್ತೆ ಹಾಕಿಸಿದೆ.

ನೀರಿನ ಪಕ್ಕದಲ್ಲೇ ಕರೆಂಟು ಎಂಬ ನಿಮ್ಮ ಆತಂಕ ನ್ಯಾಯವಾದದ್ದು. ನಮ್ಮ ಮನೆಯಲ್ಲಿ ನೀವು ಹಾಕಿಸಿರುವ ಸ್ವಿಚ್ಚು 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ತಾನಾಗಿ ಬೀಳುತ್ತದೆ, ಇಲ್ಲಿ ದೋಣಿ ಲಿಫ್ಟಿಗೆ ಹಾಕಿದ್ದು ಸುಮಾರು 5ಕ್ಕೇ ಬೀಳುತ್ತದೆ. ಕಣ್ಣಿಗೆ ಕಾಣುವ ಜಾಗದಲ್ಲಿ ಇಡೀ ಲೈನನ್ನು ಕಡಿತಗೊಳಿಸುವ ಸ್ವಿಚ್ಚೂ ಇದೆ. ಆದರೂ ಲಿಫ್ಟಿನ ಸುತ್ತ ನೀರಿಗಿಳಿಯಲು ಮಗುವನ್ನು ಬಿಡುವುದಿಲ್ಲ.

ಮೊದಲ ದಿನದ ಮಾತನ್ನು ಮುಚ್ಚಿಡುವುದಿಲ್ಲ. ಬಿರಡೆಯ ವಿಷಯವಾಗಿ ಮೇಲೆ ಅಷ್ಟು ದೊಡ್ಡದಾಗಿ ಬರೆದ ನಾನೇ, ದೋಣಿಯನ್ನು ಇಳಿಸುವಾಗ ಬಿರಡೆ ಹಾಕುವುದನ್ನು ಮರೆತೆ. ಒಳಗೆ ನೀರು ಬುಗ್ಗೆಯಂತೆ ಏಳುವುದನ್ನು ನಿಮ್ಮ ಸೊಸೆ ಮೊದಲು ಕಂಡಳು. ದೋಣಿ ಇನ್ನೂ ಹಲಗೆ ಬಿಟ್ಟಿರಲಿಲ್ಲವಾದ್ದರಿಂದ ಗುಂಡಿ ಒತ್ತಿ ಮತ್ತೆ ಎತ್ತಿದೆವು. ಈಗ ಬಿರಡೆಯನ್ನು ಎಂಜಿನಿನ ಬೀಗದ ಕೈಗೇ ದಾರದಿಂದ ಕಟ್ಟಿದ್ದೇನೆ.

ಚಂಡಮಾರುತ ಬಂದರೆ ಏನು ಮಾಡುತ್ತೀರಿ ಎಂದು ಅವ್ವ ಕೇಳಿದ್ದರು. ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಕಾಲ. ದೋಣಿಯನ್ನು ಲಿಫ್ಟಿನ ಮೇಲೆ ಬಿಡುವುದಿಲ್ಲ. ಕಡಲು ಉಕ್ಕಿ ನೀರು ಹಲಗೆಗಿಂತ ಮೇಲೇರಿದರೆ ದೋಣಿ ತೇಲಿ ಹೊರಟು ಕಂಬಕ್ಕೋ ನೆರೆಮನೆಗೋ ಬಡಿಯುತ್ತದೆ. ಎರಡು ದಿನ ಮುಂಚೆಯೇ ಟ್ರೇಲರಿನಲ್ಲಿ ಒಳನಾಡಿಗೆ ಸಾಗಿಸುವ ಏರ್ಪಾಟಾಗಿದೆ. ಮನೆಯವರೂ ಹಾಗೆಯೇ ಹೊರಡುತ್ತೇವೆಂದು ಅವ್ವನಿಗೆ ಹೇಳಿ.

ಇದರ ಜೊತೆಯಲ್ಲಿ ಕಾಗದ ಸುತ್ತಿ, ಹಗ್ಗ ಕತ್ತರಿಸಿದಾಗ ಉಳಿದ ಆರು ಇಂಚಿನ ತುಂಡೊಂದನ್ನು ಇಟ್ಟಿದ್ದೇನೆ. ತುದಿಯ ಟೇಪು ಬಿಚ್ಚುವಾಗ ಕೈ ಜೋಪಾನ, ತಂತಿ ಸೂಜಿಯಂತಿದೆ. ಹುರಿ ಬಿಡಿಸಿ ಎಣಿಸಿ ನೋಡಿ. ಕಾರ್ಖಾನೆಯಲ್ಲಿ ಹುರಿಯ ಒಂದು ಸುತ್ತಿನೊಳಗೆ ಎಷ್ಟು ತಂತಿ ತುಂಡಾದರೆ ನೀವು ಕ್ರೇನಿನ ಹಗ್ಗವನ್ನು ತೆಗೆದುಹಾಕುತ್ತಿದ್ದಿರಿ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ.

ಇಂತಿ ನಿಮ್ಮ ಆಜ್ಞಾಧಾರಕ ಮಗ